ಹೋಲಿಸುವ ಮುನ್ನ ಓದಿ
ಹಲವು ಧರ್ಮಗಳನ್ನು ಒಟ್ಟಿಗೆ ಕೂತು ಓದುವ ಆಸೆಯೇ? ಆರೆಂಟು ಜನ ಸಾಕು. ಎಲ್ಲರಿಗೂ ಮಾತಾಡಲು ಸಮಯ ಸಿಗುತ್ತದೆ. ಇಡೀ ಗ್ರಂಥ ಹಿಡಿಯಬೇಡಿ. ಧಮ್ಮಪದದ 26 ವರ್ಗಗಳಲ್ಲಿ ಒಂದು, 7 ವಾಕ್ಯಗಳಿರುವ ಕುರ್‌ಆನಿನ ಮೊದಲ ಅಧ್ಯಾಯ, ಮತ್ತಾಯನ ಸುವಾರ್ತೆಯ ಗಿರಿಪ್ರಸಂಗದ ಒಂದು ಪುಟ, ಅಲ್ಲಮನ ನಾಲ್ಕು ವಚನ: ಒಂದು ಸಂಜೆಗೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು.

ಗಟ್ಟಿಯಾಗಿ ಓದಿ. ಒಪ್ಪುವುದೋ ಬಿಡುವುದೋ ಆಮೇಲಿನ ಮಾತು. ಮೊದಲು ಅಲ್ಲಿ ಏನು ಹೇಳಿದೆ ಎಂದು ನೋಡಿ. ಎಲ್ಲವೂ ಒಂದೇ ಎಂಬ ಆತುರ ಬೇಡ. ಬುದ್ಧನ ಅನಾತ್ಮವೂ ಉಪನಿಷತ್ತಿನ ಆತ್ಮವೂ ಬೇರೆ ಎಂದು ಗುರುತಿಸುವುದೂ ಗೌರವವೇ. ಗುಂಪಿನಲ್ಲಿರುವ ಒಬ್ಬ ಜೈನರನ್ನೋ ಮುಸ್ಲಿಮರನ್ನೋ ಇಡೀ ಪರಂಪರೆಯ ವಕ್ತಾರರನ್ನಾಗಿಸಬೇಡಿ. ಅವರ ಅನುಭವ ಕೇಳಿ.

ಗೋವಿಂದ ಭಟ್ಟರು ಶಿಶುನಾಳ ಶರೀಫರಿಗೆ ಗುರುವಾದ ನಾಡು ನಮ್ಮದು. ಹಿಂಜರಿಯದೆ ನೆರೆಯವರನ್ನು ಕರೆಯಿರಿ, ಓದು ಶುರುಮಾಡಿ.