ಪುಟ್ಟ ನಾಯಿಯ ಊಟದ ತಕರಾರು: ಪಶುವೈದ್ಯಕೀಯ ಪ್ರಶ್ನೋತ್ತರ

ಪ್ರಶ್ನೆ: ಮೂರು ವರ್ಷದ, 3 ಕಿಲೋ ತೂಗುವ, ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿರುವ ಗಂಡು ಪಾಮರೇನಿಯನ್ ನಾಯಿಯೊಂದು ಬಟ್ಟಲಿನಲ್ಲಿರುವ ಒಣ ಆಹಾರವನ್ನು ಮೂಸಿ ನೋಡಿ ಹೊರಟುಬಿಡುತ್ತದೆ. ಕೋಳಿಸಾರು ಬೆರೆಸಿದರೆ ಎರಡು ದಿನ ತಿಂದು ಮೂರನೆಯ ದಿನ ಅದನ್ನೂ ಬಿಡುತ್ತದೆ. ಕೈತುತ್ತು ಕೊಟ್ಟರೆ ಒಂದಿಷ್ಟು ತಿನ್ನುತ್ತದೆ. ಓಡಾಟ, ಆಟ ಎಲ್ಲವೂ ಮೊದಲಿನಂತೆಯೇ ಇವೆ. ಅದಕ್ಕೆ ಹಸಿವೇ ಇಲ್ಲವೇ?

ಉತ್ತರ: ಹಿಂದೆ ಆಸೆಪಟ್ಟು ತಿನ್ನುತ್ತಿದ್ದ ಪದಾರ್ಥವನ್ನೂ ಸೇರಿಸಿ ಏನು ಕೊಟ್ಟರೂ ನಾಯಿ ಮುಖ ತಿರುಗಿಸಿದರೆ ಅದು ಅರುಚಿ, ಅಂದರೆ ಕಾಯಿಲೆಯ ಲಕ್ಷಣವಾಗಿ ಹಸಿವು ಸತ್ತಿರುವ ಸ್ಥಿತಿ, ಒಂದನ್ನು ಬಿಟ್ಟು ಇನ್ನೊಂದಕ್ಕಾಗಿ ಕಾಯುತ್ತಿದ್ದರೆ ಹಸಿವು ಇದೆ, ಆಯ್ಕೆಯೂ ಇದೆ. ಇಲ್ಲಿ ವಿವರಿಸಿರುವ ನಾಯಿ ಎರಡನೆಯ ಬಗೆಯದೆಂದು ತೋರುತ್ತದೆ. ಆದರೂ ಒಮ್ಮೆ ವೈದ್ಯರ ತಪಾಸಣೆ ಆಗದೆ ಹಾಗೆಂದು ನಿಶ್ಚಯಿಸಬಾರದು, ಏಕೆಂದರೆ ಹಲ್ಲುನೋವು, ಜಂತುಹುಳು, ಮೂತ್ರಪಿಂಡದ ತೊಂದರೆಗಳು ಆರಂಭದಲ್ಲಿ ಇಷ್ಟೇ ಮೆಲ್ಲಗೆ ಕಾಣಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಕಂದು ಉಣ್ಣೆಗಳ ಕಡಿತದಿಂದ ಹರಡುವ ಎರ್ಲಿಕಿಯೋಸಿಸ್ ಮತ್ತು ಬೆಬೀಸಿಯೋಸಿಸ್ ಎಂಬ ರಕ್ತದ ಸೋಂಕುಗಳಲ್ಲಿಯೂ ಊಟ ಕಡಿಮೆಯಾಗುವುದೇ ಎಷ್ಟೋ ಬಾರಿ ಮೊದಲ ಸೂಚನೆಯಾಗಿರುತ್ತದೆ. ಒಸಡು ಬಿಳಿಚಿಕೊಂಡಿದ್ದರೆ, ಮೂಗಿನಿಂದ ರಕ್ತ ಬಂದರೆ ಅಥವಾ ಗುದದ್ವಾರದಲ್ಲಿ ಅಳೆದ ಉಷ್ಣತೆ ಸುಮಾರು 39.2 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಆಹಾರದ ಬಗ್ಗೆ ಚಿಂತಿಸುತ್ತ ಕೂರದೆ ರಕ್ತಪರೀಕ್ಷೆ ಮಾಡಿಸಬೇಕು.

ತಪಾಸಣೆಯಲ್ಲಿ ಏನೂ ಕಾಣಿಸದಿದ್ದಲ್ಲಿ ಮೊದಲು ನೋಡಬೇಕಾದುದು ನಾಯಿಯ ನಾಲಗೆಯನ್ನಲ್ಲ, ಮನೆಯವರು ಕೊಡುತ್ತಿರುವ ಆಹಾರದ ಅಳತೆಯನ್ನು. ಪ್ರಾಣಿಯೊಂದು ಸುಮ್ಮನೆ ಮಲಗಿದ್ದಾಗಲೂ ಹೃದಯ, ಮಿದುಳು, ಯಕೃತ್ತುಗಳ ಕೆಲಸಕ್ಕೆ ಬೇಕಾಗುವ ಶಕ್ತಿಯನ್ನು ವಿಶ್ರಾಂತ ಶಕ್ತಿ ಎನ್ನುತ್ತಾರೆ. 3 ಕಿಲೋ ನಾಯಿಗೆ ಅದು ದಿನಕ್ಕೆ ಸುಮಾರು 160 ಕಿಲೊಕ್ಯಾಲರಿ. ಮನೆಯೊಳಗಿನ ಓಡಾಟವನ್ನೂ ಸೇರಿಸಿದರೆ ಇಡೀ ದಿನದ ಅಗತ್ಯ 200ರಿಂದ 250 ಕಿಲೊಕ್ಯಾಲರಿಯೊಳಗೇ ಮುಗಿಯುತ್ತದೆ, ಅಂದರೆ ಸಾಮಾನ್ಯ ಒಣ ಆಹಾರ ಕೇವಲ 55ರಿಂದ 65 ಗ್ರಾಂ ಸಾಕು. ಬೆಳಗಿನ ಕಾಫಿಯ ಹೊತ್ತಿಗೆ ಎರಡು ಗ್ಲೂಕೋಸ್ ಬಿಸ್ಕತ್ತು, ಮಧ್ಯಾಹ್ನ ತುಪ್ಪ ಸವರಿದ ಅರ್ಧ ಚಪಾತಿ, ಸಂಜೆ ಮಕ್ಕಳ ಕೈಯಿಂದ ಪನೀರಿನ ಒಂದು ತುಂಡು ಹೊಟ್ಟೆಗೆ ಹೋಗಿದ್ದರೆ ಸುಮಾರು 150 ಕಿಲೊಕ್ಯಾಲರಿ ಆಗಲೇ ಸಂದಾಯವಾಗಿರುತ್ತದೆ. ರಾತ್ರಿ ಬಟ್ಟಲಿನ ಮುಂದೆ ನಿಂತಿರುವುದು ಹಸಿದ ನಾಯಿಯಲ್ಲ, ಮುಕ್ಕಾಲು ಊಟ ಮುಗಿಸಿರುವ ನಾಯಿ. ಅವೇ ಎರಡು ಬಿಸ್ಕತ್ತುಗಳು 30 ಕಿಲೋ ತೂಗುವ ಲ್ಯಾಬ್ರಡಾರಿಗೆ ಲೆಕ್ಕಕ್ಕೇ ಬಾರವು. ಪುಟ್ಟ ತಳಿಗಳಲ್ಲಿ ಊಟದ ದೂರು ಇಷ್ಟು ಹೆಚ್ಚಾಗಿ ಕೇಳಿಬರುವುದಕ್ಕೆ ಅವುಗಳ ಸ್ವಭಾವಕ್ಕಿಂತ ಈ ಗಾತ್ರದ ವ್ಯತ್ಯಾಸವೇ ದೊಡ್ಡ ಕಾರಣ. ಬಾಯಾಡಿಸಲು ಕೊಡುವ ತಿನಿಸುಗಳೆಲ್ಲ ಸೇರಿ ದಿನದ ಶಕ್ತಿಯ ಶೇಕಡಾ 10ನ್ನು ಮೀರಬಾರದೆಂಬುದು ಪೋಷಣಾಶಾಸ್ತ್ರದ ಸಾಮಾನ್ಯ ನಿಯಮ. ಈ ನಾಯಿಯ ಪಾಲಿಗೆ ಅದು ಒಂದೇ ಒಂದು ಬಿಸ್ಕತ್ತು.

ಉಳಿದದ್ದು ಕಲಿಕೆಯ ವಿಷಯ. ಒಣ ಆಹಾರ ಬಿಟ್ಟಾಗ ಸಾರು ಬಂತು, ಸಾರು ಬಿಟ್ಟಾಗ ಕೈತುತ್ತು ಬಂತು; ಬಿಟ್ಟಷ್ಟೂ ಉತ್ತಮವಾದದ್ದು ಬರುತ್ತದೆಂಬ ಪಾಠವನ್ನು ಮನೆಯವರೇ ಅಕ್ಕರೆಯಿಂದ ಕಲಿಸಿದ್ದಾರೆ, ನಾಯಿ ಅದನ್ನು ಚೆನ್ನಾಗಿ ಕಲಿತಿದೆ. ಇದನ್ನು ಹಠವೆಂದು ಕರೆದು ಶಿಕ್ಷಿಸುವುದು ಅನ್ಯಾಯ. ದಿನದ ಪಾಲನ್ನು ಅಡುಗೆಮನೆಯ ತೂಕದ ಯಂತ್ರದಲ್ಲಿ ಅಳೆದು, ಎರಡು ಅಥವಾ ಮೂರು ನಿಗದಿತ ಹೊತ್ತಿಗೆ ಹಂಚಿ, ಬಟ್ಟಲನ್ನು ಸದ್ದಿಲ್ಲದ ಜಾಗದಲ್ಲಿಟ್ಟು, ಪುಸಲಾಯಿಸದೆ, ಗದರದೆ ಹದಿನೈದಿಪ್ಪತ್ತು ನಿಮಿಷ ಬಿಡಬೇಕು. ಉಳಿದುದನ್ನು ಎತ್ತಿಟ್ಟು ಮುಂದಿನ ಹೊತ್ತಿನವರೆಗೆ ನೀರಿನ ಹೊರತು ಬೇರೇನನ್ನೂ ಕೊಡಬಾರದು. ಆರೋಗ್ಯವಂತ ವಯಸ್ಕ ನಾಯಿ ಒಂದೆರಡು ಹೊತ್ತು ಬಿಟ್ಟರೆ ಅಪಾಯವಿಲ್ಲ, ಆದರೆ ಪುಟ್ಟ ತಳಿಗಳು 24 ಗಂಟೆ ಏನನ್ನೂ ಮುಟ್ಟದಿದ್ದರೆ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿ ವೈದ್ಯರಲ್ಲಿಗೆ ಕರೆದೊಯ್ಯುವುದು ಕ್ಷೇಮ. ಮನೆಯಲ್ಲಿ ಅಜ್ಜ ಅಜ್ಜಿಯರು ಮತ್ತು ಮಕ್ಕಳು ಒಪ್ಪದಿದ್ದರೆ ಈ ಕ್ರಮ ಫಲಿಸುವುದಿಲ್ಲ. ಆದುದರಿಂದ ಮೊದಲು ಮನವೊಲಿಸಬೇಕಾದುದು ಅವರನ್ನು.

ಮನುಷ್ಯನ ನಾಲಗೆಯಲ್ಲಿ ಸುಮಾರು 9,000 ರುಚಿಮೊಗ್ಗುಗಳಿದ್ದರೆ ನಾಯಿಯದರಲ್ಲಿ ಸುಮಾರು 1,700 ಮಾತ್ರ. ಅದು ಊಟವನ್ನು ಬಹುಪಾಲು ಮೂಗಿನಿಂದಲೇ ಆರಿಸುತ್ತದೆ. ಆದಕಾರಣ ಒಣ ಆಹಾರಕ್ಕೆ ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ನೆನೆಸಿದರೆ ವಾಸನೆ ಎದ್ದು ಬರುತ್ತದೆ, ಬೇರೆ ಏನನ್ನೂ ಬೆರೆಸಬೇಕಿಲ್ಲ. ಸಾರು ಹಾಕಲೇಬೇಕೆಂದಿದ್ದರೆ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು, ಮಸಾಲೆ ಯಾವುದೂ ಇಲ್ಲದೆ ಬೇಯಿಸಿದ ಕೋಳಿಯ ನೀರೇ ಆಗಬೇಕು. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಗಂಧಕದ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆಯನ್ನುಂಟುಮಾಡುತ್ತವೆ, ಮತ್ತು ಬೇಯಿಸಿದ ಮಾತ್ರಕ್ಕೆ ಆ ದೋಷ ಹೋಗುವುದಿಲ್ಲ. ಮಾತ್ರೆಯನ್ನು ದಿನದ ಊಟದಲ್ಲೇ ಅಡಗಿಸುವ ಅಭ್ಯಾಸವನ್ನೂ ಬಿಡಬೇಕು: ಕಹಿ ಅಥವಾ ವಾಕರಿಕೆಯ ನೆನಪು ಆಹಾರಕ್ಕೆ ಅಂಟಿಕೊಂಡರೆ, ರುಚಿವಿಮುಖತೆ ಎಂಬ ಸ್ಥಿತಿಯುಂಟಾಗಿ, ಕಾಯಿಲೆ ವಾಸಿಯಾದ ಮೇಲೂ ನಾಯಿ ಅದೇ ಊಟವನ್ನು ತಿಂಗಳುಗಟ್ಟಲೆ ದೂರವಿಡಬಹುದು.

ಪ್ರಶ್ನೆ: ಎರಡೂವರೆ ತಿಂಗಳ ಶಿಟ್ಜು ಮರಿ ಹೊಸ ಮನೆಗೆ ಬಂದು ಮೂರು ದಿನವಾಗಿದೆ, ನಿನ್ನೆ ರಾತ್ರಿಯಿಂದ ತಿಂದಿಲ್ಲ. ಹಸಿವಾದಾಗ ತಾನೇ ತಿನ್ನಲಿ ಎಂದು ಕಾಯಬಹುದೇ?

ಉತ್ತರ: ಕಾಯಬಾರದು. ಮೇಲಿನ ಉತ್ತರದಲ್ಲಿ ಹೇಳಿದ ಕ್ರಮ ಮರಿಗಳಿಗೆ ಅನ್ವಯಿಸುವುದಿಲ್ಲ. ಪುಟ್ಟ ತಳಿಯ ಮರಿಗಳ ಯಕೃತ್ತಿನಲ್ಲಿ ಗ್ಲೈಕೋಜನ್, ಅಂದರೆ ಕೂಡಿಟ್ಟ ಸಕ್ಕರೆಯ ದಾಸ್ತಾನು, ಬಹಳ ಕಡಿಮೆ, ಮಾಂಸಖಂಡವೂ ಅತ್ಯಲ್ಪ. ಸ್ಥಳ ಬದಲಾವಣೆ, ಚಳಿ, ಜಂತುಬಾಧೆ ಅಥವಾ ಭೇದಿಯ ಜೊತೆಗೆ ಕೆಲವು ಗಂಟೆಗಳ ಉಪವಾಸ ಸೇರಿದರೆ ರಕ್ತದ ಸಕ್ಕರೆ ಥಟ್ಟನೆ ಕುಸಿಯುತ್ತದೆ. ಮರಿ ಮಂಕಾಗಿ, ನಡೆಯುವಾಗ ತೂರಾಡಿ, ನಡುಗಿ, ಕೊನೆಗೆ ಸೆಳೆತಕ್ಕೆ ಒಳಗಾಗುವುದು ಇದರ ಲಕ್ಷಣ. ಅಂತಹ ಸಂದರ್ಭದಲ್ಲಿ ಸ್ವಲ್ಪ ಜೇನುತುಪ್ಪವನ್ನೋ ಗಟ್ಟಿಯಾದ ಸಕ್ಕರೆ ನೀರನ್ನೋ ಬೆರಳಿನಿಂದ ಒಸಡಿಗೆ ಸವರಿ, ಮರಿಯನ್ನು ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪ್ರಜ್ಞೆಯಿಲ್ಲದ ಮರಿಯ ಬಾಯಿಗೆ ದ್ರವ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ವಾಂತಿ ಅಥವಾ ರಕ್ತಮಿಶ್ರಿತ ಭೇದಿ ಇದ್ದು ಲಸಿಕೆ ಪೂರ್ಣವಾಗಿರದಿದ್ದರೆ ಪಾರ್ವೋ ವೈರಸ್ ಸೋಂಕನ್ನು ಮೊದಲು ಶಂಕಿಸಬೇಕು. ಚೇತರಿಸಿದ ಮೇಲೆ ನಾಲ್ಕು ತಿಂಗಳು ತುಂಬುವವರೆಗೆ ದಿನಕ್ಕೆ ನಾಲ್ಕು ಬಾರಿ, ಮಲಗುವ ಮುನ್ನ ಒಮ್ಮೆ ಸೇರಿದಂತೆ, ಮೆತ್ತಗಿನ ಮರಿ ಆಹಾರ ಕೊಡುವುದು ಒಳ್ಳೆಯದು. ಹಿಂದಿನ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮೊದಲ ವಾರ ಮುಂದುವರಿಸಿ, ಅನಂತರ ಏಳರಿಂದ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಬೇಕು.

ಇದೇ ಮರಿ ಐದಾರು ತಿಂಗಳಿಗೆ ಬಂದಾಗ ಊಟ ತಾನಾಗಿ ಇಳಿಯುವುದುಂಟು. ಪುಟ್ಟ ತಳಿಗಳ ಬೆಳವಣಿಗೆ ಆ ವೇಳೆಗೆ ನಿಧಾನವಾಗುವುದರಿಂದ ಪ್ರತಿ ಕಿಲೋ ತೂಕಕ್ಕೆ ಬೇಕಾಗುವ ಶಕ್ತಿ ತಗ್ಗುತ್ತದೆ. ಅದನ್ನು ಕಾಯಿಲೆಯೆಂದು ಭಾವಿಸಿ ಗಾಬರಿಯಿಂದ ರುಚಿಯ ತಿನಿಸುಗಳನ್ನು ಮುಂದೊಡ್ಡುವಲ್ಲಿಯೇ ಎಷ್ಟೋ ಮನೆಗಳಲ್ಲಿ ಊಟದ ತಕರಾರು ಹುಟ್ಟಿಕೊಳ್ಳುತ್ತದೆ.

ಪ್ರಶ್ನೆ: ಸಸ್ಯಾಹಾರಿಗಳ ಮನೆಯಲ್ಲಿರುವ ನಾಯಿಯೊಂದು ಮೊಸರನ್ನವನ್ನು ಬಿಟ್ಟು ಏನನ್ನೂ ತಿನ್ನುವುದಿಲ್ಲ. ಹಾಗೆಯೇ ಬಿಡಬಹುದೇ?

ಉತ್ತರ: ಅನ್ನ ನಾಯಿಗೆ ವಿಷವಲ್ಲ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ವಂಶವಾಹಿ ತೋಳಗಳಿಗಿಂತ ನಾಯಿಗಳಲ್ಲಿ ಹೆಚ್ಚು ಪ್ರತಿಗಳಲ್ಲಿದೆ ಎಂಬುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮನುಷ್ಯನ ಮನೆಯ ಅನ್ನಕ್ಕೆ ನಾಯಿ ಸಹಸ್ರಾರು ವರ್ಷಗಳಿಂದ ಒಗ್ಗಿಕೊಂಡಿದೆ. ಕೊರತೆಯಿರುವುದು ಪ್ರೋಟೀನಿನಲ್ಲಿ. ನೀರಿನಂಶ ಕಳೆದ ಆಹಾರದಲ್ಲಿ ವಯಸ್ಕ ನಾಯಿಗೆ ಕನಿಷ್ಠ ಶೇಕಡಾ 18, ಬೆಳೆಯುವ ಮರಿಗೆ ಶೇಕಡಾ 22.5 ಪ್ರೋಟೀನ್ ಇರಬೇಕು, ಆದರೆ ಅನ್ನವೇ ಹೆಚ್ಚಾಗಿರುವ ಮೊಸರನ್ನ ಆ ಮಟ್ಟವನ್ನು ಮುಟ್ಟುವುದಿಲ್ಲ. ಮೊಸರನ್ನವನ್ನು ಏಕಾಏಕಿ ನಿಲ್ಲಿಸದೆ, ಅದರಲ್ಲಿಯೇ ಬೇಯಿಸಿ ಕಿವುಚಿದ ಮೊಟ್ಟೆ ಅಥವಾ ಪುಡಿಮಾಡಿದ ಪನೀರನ್ನು ಚಮಚದಷ್ಟರಿಂದ ಆರಂಭಿಸಿ ಹೆಚ್ಚಿಸುತ್ತ, ಅನ್ನವನ್ನು ತಗ್ಗಿಸುತ್ತ ಹೋಗುವುದು ಜಾಣತನ. ಅಷ್ಟರಿಂದಲೇ ಆಹಾರ ಪೂರ್ಣವಾಗುವುದಿಲ್ಲ. ಸುಣ್ಣದಂಶ, ಸತುವು, ಜೀವಸತ್ವಗಳ ಪ್ರಮಾಣವನ್ನು ನಾಯಿಯ ತೂಕಕ್ಕೆ ಅನುಗುಣವಾಗಿ ವೈದ್ಯರೇ ನಿರ್ಧರಿಸಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಮೂಳೆಯಿಲ್ಲದ ಕೋಳಿಮಾಂಸ ಮಾತ್ರ ತಿಂದು ಬೆಳೆಯುವ ಮರಿಗೆ ರಂಜಕ ಹೆಚ್ಚಾಗಿ ಸುಣ್ಣದಂಶ ಕಡಿಮೆಯಾಗುವುದರಿಂದ, ದೇಹ ಮೂಳೆಯ ಸುಣ್ಣವನ್ನೇ ರಕ್ತಕ್ಕೆ ಸೆಳೆದುಕೊಂಡು, ಜಿಗಿದರೂ ಕಾಲು ಮುರಿಯುವ ಸ್ಥಿತಿ ಬರುತ್ತದೆ.

ಪ್ರಶ್ನೆ: ಒಂಬತ್ತು ವರ್ಷದ ಡ್ಯಾಶ್‌ಹಂಡ್ ಇತ್ತೀಚೆಗೆ ಬಟ್ಟಲಿನ ಬಳಿಗೆ ಆತುರದಿಂದ ಬರುತ್ತದೆ, ಆದರೆ ತಿನ್ನದೆ ಹಿಂದೆ ಸರಿಯುತ್ತದೆ. ಹಸಿವು ಹೆಚ್ಚಿಸುವ ಟಾನಿಕ್ ಕೊಡಬಹುದೇ?

ಉತ್ತರ: ಆತುರದಿಂದ ಬರುತ್ತಿದೆಯೆಂದರೆ ಹಸಿವು ಇದೆ, ಟಾನಿಕ್ ಬೇಕಾಗಿಲ್ಲ. ಅದು ತಿನ್ನಲು ಯತ್ನಿಸುವುದನ್ನು ಒಮ್ಮೆ ಹತ್ತಿರ ಕುಳಿತು ಗಮನಿಸಬೇಕು: ಒಣ ಆಹಾರದ ಒಂದು ಗುಳಿಗೆಯನ್ನು ಬಾಯಿಗೆತ್ತಿಕೊಂಡು ನೆಲಕ್ಕೆ ಬಿಡುವುದು, ತಲೆಯನ್ನು ಓರೆಮಾಡಿ ಒಂದೇ ಮಗ್ಗುಲಲ್ಲಿ ಅಗಿಯುವುದು, ಅಗಿಯದೆ ನುಂಗಿ ಕೆಮ್ಮುವುದು, ಊಟದ ನಂತರ ಮುಂಗಾಲಿನಿಂದ ದವಡೆಯನ್ನು ಉಜ್ಜಿಕೊಳ್ಳುವುದು ಕಂಡರೆ ನೋವು ಬಾಯಲ್ಲಿದೆ. ವಯಸ್ಕ ನಾಯಿಗೆ 42 ಹಲ್ಲುಗಳಿರುತ್ತವೆ. ಪುಟ್ಟ ತಳಿಗಳ ಕಿರಿದಾದ ದವಡೆಯಲ್ಲಿ ಅವು ಒತ್ತೊತ್ತಾಗಿ ನಿಲ್ಲುವುದರಿಂದ ಸಂದುಗಳಲ್ಲಿ ಕೊಳೆ ಸೇರಿ ಒಸಡು ಬಾತು, ಹಲ್ಲಿನ ಬೇರಿನ ಸುತ್ತಲಿನ ಮೂಳೆಯೂ ಸವೆಯುತ್ತದೆ. ಇದಕ್ಕೆ ಪರಿದಂತ ರೋಗ ಎಂದು ಹೆಸರು. ಅರಿವಳಿಕೆ ನೀಡಿ ಕ್ಷಕಿರಣ ಚಿತ್ರ ತೆಗೆದು, ಹಲ್ಲಿನ ಮೇಲೆ ಗಟ್ಟಿಯಾದ ಕೊಳೆಯನ್ನು ತೆಗೆದು, ಉಳಿಯದ ಹಲ್ಲನ್ನು ಕಿತ್ತರೆ ಬಹಳಷ್ಟು ನಾಯಿಗಳು ಕೆಲವೇ ದಿನಗಳಲ್ಲಿ ಮತ್ತೆ ಮನಸಾರೆ ಉಣ್ಣುತ್ತವೆ. ವಯಸ್ಸಿನ ನೆಪವೊಡ್ಡಿ ಈ ಚಿಕಿತ್ಸೆಯನ್ನು ಮುಂದೂಡುವುದು ಸಲ್ಲದು, ಏಕೆಂದರೆ ಪ್ರತಿ ತುತ್ತಿನಲ್ಲೂ ನೋವುಣ್ಣುವುದು ಆ ಪ್ರಾಣಿಯೇ. ರಕ್ತಪರೀಕ್ಷೆ ಮತ್ತು ಹೃದಯದ ತಪಾಸಣೆ ಮಾಡಿಸಿದರೆ ಅರಿವಳಿಕೆಯ ಅಪಾಯವನ್ನು ಮೊದಲೇ ಅಂದಾಜು ಮಾಡಬಹುದು.

ಹಸಿವು ಹೆಚ್ಚಿಸುವ ನಿಜವಾದ ಔಷಧಿಗಳೂ ಇವೆ. ಕಾಪ್ರೋಮೊರೆಲಿನ್ ಎಂಬುದಕ್ಕೆ 2016ರಲ್ಲಿ ಅಮೆರಿಕದಲ್ಲಿ ನಾಯಿಗಳಿಗಾಗಿ ಅನುಮತಿ ದೊರೆತಿದೆ. ಆದರೆ ಅವು ರೋಗನಿದಾನವಾದ ಮೇಲೆ ವೈದ್ಯರು ಬರೆದುಕೊಡಬೇಕಾದ ಔಷಧಿಗಳು. ಚಿಕಿತ್ಸೆಗೆ ದಿನ ನಿಗದಿಯಾಗುವವರೆಗೆ ಈ ನಾಯಿಗೆ ನೆನೆಸಿ ಗಂಜಿಯ ಹದಕ್ಕೆ ಕಿವುಚಿದ ಆಹಾರವನ್ನು ಉಗುರುಬೆಚ್ಚಗೆ ಕೊಡಬೇಕು. ಮನೆಯಲ್ಲಿರುವ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ನೋವು ತಗ್ಗಲೆಂದು ಎಂದಿಗೂ ಕೊಡಬಾರದು. ಮೊದಲನೆಯದು ಯಕೃತ್ತಿಗೂ ರಕ್ತಕ್ಕೂ, ಎರಡನೆಯದು ಜಠರಕ್ಕೂ ಮೂತ್ರಪಿಂಡಕ್ಕೂ ಹಾನಿ ಮಾಡುತ್ತದೆ, ಮತ್ತು ನಾಯಿ ಚಿಕ್ಕದಾದಷ್ಟೂ ಒಂದೇ ಮಾತ್ರೆಯಿಂದಾಗುವ ಹಾನಿ ಹೆಚ್ಚು.