ಎಳೆಯ ಏಟು, ಕಂಬದ ಬುಡ

ಉದ್ಯಾನಗಳಲ್ಲಿ ಫಲಕ ಹೊತ್ತ ಮರದ ಕಂಬಗಳು ಬುಡದಲ್ಲೇ ಮುರಿಯುವುದುಂಟು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ಎಳೆಯೂ ಇದಕ್ಕೆ ಒಂದು ಕಾರಣ. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ ಎಂಬುವರು, ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ಕಂಡು ಈ ಸಾಧನವನ್ನು ಕಲ್ಪಿಸಿದರು. ಮೆತ್ತನೆಯ ಎಳೆ ತಿರುಗುವಾಗ ಕೇಂದ್ರಾಪಗಾಮಿ ಬಲದಿಂದ ಸೆಟೆದು ನಿಲ್ಲುತ್ತದೆ. ಅದರ ತುದಿಯು ಕೇಂದ್ರದಿಂದ 20 ಸೆಂಟಿಮೀಟರ್ ದೂರವಿದ್ದು, ನಿಮಿಷಕ್ಕೆ 8,000 ಸುತ್ತು ತಿರುಗಿದರೆ, ವೇಗ ಸೆಕೆಂಡಿಗೆ ಸುಮಾರು 168 ಮೀಟರ್! ವಾಚಕರು ಲೆಕ್ಕ ಮಾಡಿ ನೋಡಬಹುದು.

ಗಾಯ ಚಿಕ್ಕದಾದರೂ ಅದು ಬೀಳುವ ಸ್ಥಳ ಕೆಟ್ಟದ್ದು. ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ತೇವವೂ ಬೇಕು, ಗಾಳಿಯೂ ಬೇಕು. ಮಣ್ಣಿನ ಆಳದಲ್ಲಿ ಗಾಳಿ ಕಡಿಮೆ. ಮೇಲೆ ಮರ ಬೇಗ ಒಣಗುತ್ತದೆ. ನೆಲಮಟ್ಟದಲ್ಲಿ ಮಾತ್ರ ಎರಡೂ ಕೂಡಿರುತ್ತವೆ. ಕಂಬಕ್ಕೆ ಊಡಿಸಿದ ಸಂರಕ್ಷಕ ದ್ರಾವಣವಾದರೋ ಹೊರಗಿನ ಎಳೆಯ ಮರದಲ್ಲಿ ಇಳಿಯುವಷ್ಟು ಸುಲಭವಾಗಿ ಒಳಗಿನ ಕೆಚ್ಚಿಗೆ ಇಳಿಯದು. ಪ್ರತಿ ಸಲವೂ ಅದೇ ಎಡೆಗೆ ಏಟು ಬಿದ್ದು ಹೊರಪದರ ಸವೆದರೆ, ಔಷಧ ತಾಗದ ಮರ ತೆರೆದುಕೊಳ್ಳುತ್ತದೆ.

ಬುಡಕ್ಕೆ ತಗಡಿನ ಕವಚ ತೊಡಿಸುವುದು ಸುಲಭೋಪಾಯ. ಆದರೆ ಬಿಗಿಯಾಗಿ ಸುತ್ತಿದರೆ ಒಳಗೆ ನೀರು ನಿಂತು, ಶಿಲೀಂಧ್ರಕ್ಕೆ ನಾವೇ ಮನೆ ಕಟ್ಟಿಕೊಟ್ಟಂತಾಗುತ್ತದೆ! ನಡುವೆ ಬೆರಳು ತೂರುವಷ್ಟು ತೆರಪಿರಬೇಕು. ನೀರು ಕೆಳಗೆ ಬಸಿದುಹೋಗಬೇಕು. ಇದಕ್ಕಿಂತ ಮೇಲಾದುದು ಕಂಬದ ಸುತ್ತ ಗೇಣಗಲ ಹುಲ್ಲನ್ನು ಕಿತ್ತು ದಪ್ಪ ಜಲ್ಲಿ ಹಾಸುವುದು. ಹುಲ್ಲಿಲ್ಲದೆಡೆ ಯಂತ್ರಕ್ಕೇನು ಕೆಲಸ? ಸಣ್ಣ ಕಲ್ಲು ಮಾತ್ರ ಬೇಡ. ಎಳೆ ತಾಗಿದರೆ ಸಿಡಿದು ಕಣ್ಣಿಗೆ ಅಪಾಯ. ಈಗಾಗಲೇ ಗಾಯವಾದ ಕಂಬವನ್ನು ಚೆನ್ನಾಗಿ ಒಣಗಲು ಬಿಟ್ಟು, ತಾಮ್ರದ ನ್ಯಾಫ್ತನೇಟ್ ದ್ರಾವಣವನ್ನು ಕುಂಚದಿಂದ ಹಚ್ಚಿ, ಬಳಿಕವೇ ಕವಚ ತೊಡಿಸತಕ್ಕದ್ದು.