ನೋವುಂಡವರಿಗೆ ಸಂಶೋಧನೆಯಲ್ಲಿ ಏನು ಕೆಲಸ?

ಪ್ರಶ್ನೆ: ನನ್ನ ತಮ್ಮನಿಗೆ 8 ವರ್ಷಗಳಿಂದ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ನಡೆಯುತ್ತಿದೆ. ಈಗ ಆರಾಮವಾಗಿದ್ದಾನೆ, ನಮ್ಮ ಕಿರಾಣಿ ಅಂಗಡಿ ನೋಡಿಕೊಳ್ಳುತ್ತಾನೆ. ಮಾನಸಿಕ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ತಂಡವೊಂದು ಅವನನ್ನು ತಮ್ಮ ಸಲಹಾ ಸಮಿತಿಗೆ ಬರುವಂತೆ ಕರೆದಿದೆ. ಅವನು ಓದಿರುವುದು ಪಿಯುಸಿ. ಅಷ್ಟು ದೊಡ್ಡ ಡಾಕ್ಟರುಗಳಿಗೆ ಅವನು ಏನು ಸಲಹೆ ಕೊಟ್ಟಾನು? ಅಥವಾ ಅವನ ಮೇಲೆ ಏನಾದರೂ ಪ್ರಯೋಗ ಮಾಡುವ ಉದ್ದೇಶವಿರಬಹುದೇ? ದಯವಿಟ್ಟು ತಿಳಿಸಿ.
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬರೆದು ಕೇಳಿದ್ದು ಒಳ್ಳೆಯದಾಯಿತು. ಇಂಥ ಆಹ್ವಾನ ಬಂದಾಗ ಯಾವ ಮನೆಯವರಿಗಾದರೂ ಇದೇ ಅನುಮಾನ ಬರುತ್ತದೆ. ನಿಮ್ಮ ಪತ್ರದಲ್ಲಿ ಎರಡು ಸಂದೇಹಗಳಿವೆ. ತಮ್ಮನನ್ನು ಯಾವ ಕೆಲಸಕ್ಕೆ ಕರೆದಿದ್ದಾರೆ ಎಂಬುದು ಒಂದು. ಕಾಯಿಲೆ ಅನುಭವಿಸಿದವರಿಂದ ಸಂಶೋಧನೆಗೆ ಆಗುವ ಲಾಭವೇನು ಎಂಬುದು ಇನ್ನೊಂದು. ಮೊದಲನೆಯದು ಬೇಗ ಬಗೆಹರಿಯುತ್ತದೆ. ಎರಡನೆಯದಕ್ಕೆ ಸ್ವಲ್ಪ ಹಿಂದಿನ ಸಂಗತಿ ಹೇಳಬೇಕು.

ಸಂಶೋಧನೆ ಎಂದ ಕೂಡಲೇ ಹೊಸ ಮಾತ್ರೆ ಕೊಟ್ಟು ಪರಿಣಾಮ ನೋಡುವುದು, ರಕ್ತ ತೆಗೆಯುವುದು, ಪ್ರಶ್ನಾವಳಿ ಹಿಡಿದು ಉತ್ತರ ಬರೆದುಕೊಳ್ಳುವುದು ನೆನಪಾಗುತ್ತದೆ. ಅಲ್ಲಿ ರೋಗಿಯ ಕೆಲಸ ಮಾಹಿತಿ ಕೊಡುವುದು ಮಾತ್ರ. ಸಲಹಾ ಸಮಿತಿಯ ಕೆಲಸ ಬೇರೆ. ಯಾವ ವಿಷಯವನ್ನು ಅಧ್ಯಯನ ಮಾಡಬೇಕು, ಜನರನ್ನು ಏನು ಕೇಳಬೇಕು, ಹೇಗೆ ಕೇಳಬೇಕು, ಬಂದ ಉತ್ತರದ ಅರ್ಥವೇನು ಎಂಬುದನ್ನು ಸಂಶೋಧಕರ ಜೊತೆ ಕೂತು ಚರ್ಚಿಸುವ ಕೆಲಸ ಅದು. ನಿಮ್ಮ ತಮ್ಮನವರನ್ನು ಕರೆದಿರುವುದು ಇದಕ್ಕೆ. ಮುಂದೆ ಅದೇ ತಂಡ ಅವರ ಮೇಲೆ ಯಾವುದಾದರೂ ಪರೀಕ್ಷೆ ಮಾಡಲು ಬಯಸಿದರೆ ಬೇರೆಯದೇ ಒಪ್ಪಿಗೆ ಪತ್ರ ಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ ಪ್ರಕಾರ ಔಷಧ ಪ್ರಯೋಗಕ್ಕಷ್ಟೇ ಏಕೆ, ಸಂಶೋಧನೆಗಾಗಿ ಬರೀ ಸಂದರ್ಶನ ಮಾಡುವುದಕ್ಕೂ ಎಲ್ಲ ವಿವರ ತಿಳಿಸಿ, ಒತ್ತಾಯವಿಲ್ಲದೆ ಒಪ್ಪಿಗೆ ಪಡೆಯಬೇಕು. ಕೊಟ್ಟ ಒಪ್ಪಿಗೆಯನ್ನು ನಡುವೆ ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು. ಆದ್ದರಿಂದ ಆ ಭಯ ಬೇಡ.

ಇನ್ನು ಎರಡನೆಯ ಸಂದೇಹ. ಇದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಹ್ಯಾಂಪ್‌ಶೈರ್ ಪ್ರಾಂತದಲ್ಲಿ ಲೆ ಕೋರ್ಟ್ ಎಂಬ ವಸತಿಧಾಮವಿತ್ತು. ತೀವ್ರ ಅಂಗವೈಕಲ್ಯ ಇದ್ದವರು ಅಲ್ಲಿ ವಾಸವಾಗಿದ್ದರು. ತಮ್ಮ ದಿನನಿತ್ಯದ ಬದುಕನ್ನೆಲ್ಲ ಆಡಳಿತದವರೇ ತೀರ್ಮಾನಿಸುವುದು ಅವರಿಗೆ ಸಾಕಾಗಿಹೋಗಿತ್ತು. 1960ರ ದಶಕದಲ್ಲಿ ಆ ನಿವಾಸಿಗಳೇ, ತಜ್ಞರು ಬಂದು ನೋಡಿದರೆ ತಮ್ಮ ಕಡೆಯ ನ್ಯಾಯ ಹೊರಬರುತ್ತದೆ ಎಂಬ ನಂಬಿಕೆಯಿಂದ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಸಂಶೋಧಕರನ್ನು ಬರಮಾಡಿಕೊಂಡರು. ಎರಿಕ್ ಮಿಲ್ಲರ್ ಮತ್ತು ಜೆರಾಲ್ಡೀನ್ ಗ್ವಿನ್ ಎಂಬ ಇಬ್ಬರು ಹಲವು ವಸತಿಧಾಮಗಳನ್ನು ಅಧ್ಯಯನ ಮಾಡಿ 1972ರಲ್ಲಿ ‘ಎ ಲೈಫ್ ಅಪಾರ್ಟ್’ ಎಂಬ ಪುಸ್ತಕ ಪ್ರಕಟಿಸಿದರು. ಅದರಲ್ಲಿ ಇದ್ದದ್ದೇನು? ಇಂಥ ಕಡೆ ಸೇರಿದವರು ಸಮಾಜದ ಮಟ್ಟಿಗೆ ಆಗಲೇ ಸತ್ತವರು, ದೇಹದ ಸಾವು ಬರುವ ತನಕ ಅವರನ್ನು ನೋಡಿಕೊಳ್ಳುವುದು ಸಂಸ್ಥೆಯ ಹೊಣೆ ಎಂಬರ್ಥದ ಮಾತು. ಕರೆಸಿದವರ ಮನಸ್ಸಿಗೆ ಹೇಗಾಗಿರಬೇಕು ನೋಡಿ.

ಆ ನಿವಾಸಿಗಳಲ್ಲಿ ಪಾಲ್ ಹಂಟ್ ಎಂಬವರಿದ್ದರು. ಅವರಿಗೆ ಸ್ನಾಯು ಕ್ಷಯಿಸುವ ಕಾಯಿಲೆ. ತಾವು ಯಾರ ಪರವೂ ಅಲ್ಲ ಎನ್ನುತ್ತಲೇ ಸಂಶೋಧಕರು ಆಡಳಿತದ ಕಣ್ಣಿನಿಂದ ನಮ್ಮನ್ನು ನೋಡಿದರು, ನಮ್ಮನ್ನು ಹೊರಗಿಟ್ಟ ವ್ಯವಸ್ಥೆಯನ್ನು ಪ್ರಶ್ನಿಸಲೇ ಇಲ್ಲ ಎಂದು ಅವರು ವಾದಿಸಿದರು. ಆ ವಿಮರ್ಶೆ ಅವರು ತೀರಿಕೊಂಡ ಬಳಿಕ 1981ರಲ್ಲಿ ಅಚ್ಚಾಯಿತು. ಅಷ್ಟರೊಳಗೆ, 1972ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಅವರು ಬರೆದ ಒಂದು ಓದುಗರ ಪತ್ರದಿಂದಲೇ ಅಂಗವಿಕಲರ ಸ್ವಂತ ಸಂಘಟನೆಯೊಂದು ಹುಟ್ಟಿಕೊಂಡಿತ್ತು. ನಮ್ಮ ಕುರಿತ ಅಧ್ಯಯನದಲ್ಲಿ ನಾವೂ ಇರಬೇಕು ಎಂಬ ಹಕ್ಕೊತ್ತಾಯದ ಬೇರುಗಳಲ್ಲಿ ಇದೂ ಒಂದು.

ಹಂಟ್ ಅವರ ದಾರಿಯಲ್ಲೇ ಮುಂದೆ ಹೋದವರು ಮೈಕ್ ಆಲಿವರ್. ಗಾಲಿಕುರ್ಚಿ ಬಳಸುತ್ತಿದ್ದ ಸಮಾಜಶಾಸ್ತ್ರಜ್ಞ. ಬ್ರಿಟಿಷ್ ಸರ್ಕಾರ 1980ರ ದಶಕದಲ್ಲಿ ಅಂಗವಿಕಲರ ಸಮೀಕ್ಷೆ ನಡೆಸಿದಾಗ ಬಳಸಿದ ಪ್ರಶ್ನೆಗಳನ್ನು ಅವರು ತಿರುಗಿಸಿ ಬರೆದು ತೋರಿಸಿದರು. ಸಮೀಕ್ಷೆ ಕೇಳಿದ್ದು, ವಸ್ತುಗಳನ್ನು ಹಿಡಿಯಲು, ತಿರುಗಿಸಲು ನಿಮಗೆ ಕಷ್ಟವಾಗುವುದು ಯಾವ ಕಾಯಿಲೆಯಿಂದ ಎಂದು. ಬಾಟಲಿ, ಡಬ್ಬಿಗಳನ್ನು ಮಾಡಿರುವ ರೀತಿಯಲ್ಲಿ ಏನು ದೋಷವಿದೆ ಎಂದು ಕೇಳಬಹುದಿತ್ತಲ್ಲ ಎಂದರು ಆಲಿವರ್. ಅದೇ ಕೈ, ಅದೇ ಬಾಟಲಿ. ಮೊದಲ ಪ್ರಶ್ನೆಗೆ ಉತ್ತರ ಕೊಟ್ಟವರು ತಮ್ಮ ಕೈಯನ್ನೇ ದೂರಿಕೊಂಡು ಮನೆಗೆ ಹೋಗುತ್ತಾರೆ. ಎರಡನೆಯ ಪ್ರಶ್ನೆಯಿಂದ ಬಾಟಲಿಯ ಮುಚ್ಚಳ ಬದಲಾಗುವ ಸಾಧ್ಯತೆ ಇದೆ. ಮಾಹಿತಿ ಕಲೆಹಾಕಿದ ಮೇಲೆ ಇದನ್ನು ಸರಿಪಡಿಸಲಾಗದು. ಪ್ರಶ್ನೆ ಬರೆಯುವ ಹೊತ್ತಿನಲ್ಲೇ ಅನುಭವಸ್ಥರು ಇರಬೇಕು. ಈ ಇಡೀ ಉತ್ತರದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ.

ಮಾನಸಿಕ ಆರೋಗ್ಯದ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ನಮ್ಮಲ್ಲಿ ‘ಕರೆಂಟ್ ಕೊಡೋದು’ ಎನ್ನುತ್ತಾರಲ್ಲ, ಆ ವಿದ್ಯುತ್ ಚಿಕಿತ್ಸೆಯ ವಿಷಯ. ಅದನ್ನು ಪಡೆದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ತೃಪ್ತರು, ನೆನಪಿನ ಶಕ್ತಿಗೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ ಎಂದು ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ರೋಗಿಗಳಿಗೆ ಮಾಹಿತಿ ಕೊಡುತ್ತಿತ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ, ಚಿಕಿತ್ಸೆ ಪಡೆದವರೇ ಸಂಶೋಧಕರಾಗಿರುವ ಒಂದು ಘಟಕವಿದೆ. ಅಲ್ಲಿದ್ದ ಡಯಾನಾ ರೋಸ್ ಸ್ವತಃ ಈ ಚಿಕಿತ್ಸೆ ಪಡೆದವರು. ಅವರ ನೇತೃತ್ವದ ತಂಡ ರೋಗಿಗಳ ಅಭಿಪ್ರಾಯ ಕೇಳಿದ್ದ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. 26 ಅಧ್ಯಯನಗಳನ್ನು ವೈದ್ಯರು ಮಾಡಿದ್ದರು. 9ನ್ನು ರೋಗಿಗಳೇ ಅಥವಾ ರೋಗಿಗಳ ಜೊತೆ ಸೇರಿ ಮಾಡಿದ್ದರು. ವೈದ್ಯರ ಅಧ್ಯಯನಗಳಲ್ಲಿ ತೃಪ್ತಿ ಹೆಚ್ಚು, ರೋಗಿಗಳು ಮಾಡಿದವುಗಳಲ್ಲಿ ಕಡಿಮೆ.

ಯಾರೋ ಸುಳ್ಳು ಹೇಳಿದ್ದರಿಂದ ಹೀಗಾಯಿತೆಂದು ತಿಳಿಯಬೇಡಿ. ಯಾವಾಗ ಕೇಳಿದರು, ಎಲ್ಲಿ ಕೇಳಿದರು, ಕೇಳಿದವರು ಯಾರು ಎಂಬುದರಲ್ಲಿತ್ತು ವ್ಯತ್ಯಾಸ. ಚಿಕಿತ್ಸೆ ಮುಗಿದ ಸ್ವಲ್ಪ ಹೊತ್ತಿನಲ್ಲೇ, ಆಸ್ಪತ್ರೆಯಲ್ಲೇ, ಚಿಕಿತ್ಸೆ ಕೊಟ್ಟ ಡಾಕ್ಟರೇ ‘ಅನುಕೂಲ ಆಯ್ತಾ?’ ಎಂದರೆ ಏನು ಹೇಳುತ್ತೇವೆ? ‘ಆಯ್ತು ಸಾರ್’ ಎನ್ನುತ್ತೇವೆ. ತಿಂಗಳುಗಳ ನಂತರ ಮನೆಯಲ್ಲಿ ಕೂತು, ಅದನ್ನೇ ಅನುಭವಿಸಿದ ಇನ್ನೊಬ್ಬರ ಹತ್ತಿರ ಮಾತಾಡುವಾಗ ಬೇರೆ ಸಂಗತಿಗಳು ಹೊರಗೆ ಬರುತ್ತವೆ. ಕನಿಷ್ಠ ಮೂರನೇ ಒಂದು ಭಾಗದಷ್ಟು ಜನ ನೆನಪಿನ ನಷ್ಟ ಉಳಿದುಕೊಂಡಿದೆ ಎಂದಿದ್ದರು. ರಾಯಲ್ ಕಾಲೇಜಿನ ಹೇಳಿಕೆಗೆ ಆಧಾರವಿಲ್ಲವೆಂದು ರೋಸ್ ತಂಡ 2003ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆಯಿತು. ಇಲ್ಲೊಂದು ಮಾತು ಸೇರಿಸಲೇಬೇಕು: ಇದನ್ನು ಓದಿ ಆ ಚಿಕಿತ್ಸೆಯೇ ಕೆಟ್ಟದ್ದು ಎಂದು ಯಾರೂ ಭಾವಿಸಬಾರದು. ತೀವ್ರ ಖಿನ್ನತೆಯಲ್ಲಿ ಅದು ಜೀವ ಉಳಿಸುತ್ತದೆ. ಅರಿವಳಿಕೆ ಕೊಡದೆ ಅದನ್ನು ಮಾಡುವುದನ್ನು ನಮ್ಮ 2017ರ ಕಾಯ್ದೆಯೂ ನಿಷೇಧಿಸಿದೆ. ಆ ಅಧ್ಯಯನ ಎತ್ತಿದ ಪ್ರಶ್ನೆ, ಒಪ್ಪಿಕೊಳ್ಳುವ ಮೊದಲು ರೋಗಿಗೆ ಪೂರ್ತಿ ವಿಷಯ ತಿಳಿದಿರುತ್ತದೆಯೇ ಎಂಬುದು.

ಹಾಗಿದ್ದರೆ ಅನುಭವಸ್ಥರು ತಮ್ಮ ನೋವನ್ನೇ ಎಲ್ಲರ ನೋವು ಎಂದುಕೊಂಡು ಸಂಶೋಧನೆಯನ್ನು ವಾಲಿಸುವುದಿಲ್ಲವೇ ಎಂದು ನೀವು ಕೇಳಬಹುದು. ಸಾಧ್ಯವಿದೆ. ಒಬ್ಬರ ಅನುಭವ ಎಲ್ಲರದ್ದಲ್ಲ. ಹಳ್ಳಿಯ ಹೆಣ್ಣುಮಗಳೊಬ್ಬರ ಖಿನ್ನತೆಗೂ ಬೆಂಗಳೂರಿನ ಐಟಿ ನೌಕರರ ಖಿನ್ನತೆಗೂ ಹೋಲಿಕೆ ಎಷ್ಟಿದೆಯೋ ವ್ಯತ್ಯಾಸವೂ ಅಷ್ಟೇ ಇದೆ. ಅದಕ್ಕೇ ಸಮಿತಿಯಲ್ಲಿ ಒಬ್ಬರನ್ನೇ ಕೂರಿಸಿ ‘ರೋಗಿಗಳ ಪ್ರತಿನಿಧಿ’ ಎಂದರೆ ಸಾಲದು, ಬೇರೆ ಬೇರೆ ಹಿನ್ನೆಲೆಯ ಹಲವರು ಬೇಕು. ಜೊತೆಗೆ ಎಷ್ಟು ಜನರನ್ನು ಕೇಳಬೇಕು, ಹೇಗೆ ಆರಿಸಬೇಕು, ಲೆಕ್ಕ ಹೇಗೆ ಹಾಕಬೇಕು ಎಂಬ ಸಂಶೋಧನೆಯ ನಿಯಮಗಳು ಯಾರು ಬಂದರೂ ಸಡಿಲವಾಗುವುದಿಲ್ಲ. ವೈದ್ಯರಿಗೂ ಅವರದೇ ಆದ ದೃಷ್ಟಿ ಇರುತ್ತದೆ, ಅದು ನಮಗೆ ರೂಢಿಯಾಗಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಅನುಭವಸ್ಥರೂ ಇರಬೇಕೆಂಬ ಮಾತು ನಮ್ಮ ದೇಶದಲ್ಲೂ ಹೊಸತಲ್ಲ. 1991ರ ಜನಗಣತಿಯಲ್ಲಿ ಅಂಗವಿಕಲತೆಯ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ಜಾವೇದ್ ಅಬೀದಿ ಅವರಂಥ ಅಂಗವಿಕಲ ಹೋರಾಟಗಾರರು ಪಟ್ಟು ಹಿಡಿದ ಮೇಲೆ 2001ರಲ್ಲಿ ಅದು ಸೇರಿತು, ಸುಮಾರು 2.19 ಕೋಟಿ ಜನ ಲೆಕ್ಕಕ್ಕೆ ಸಿಕ್ಕರು. ಪುಣೆಯಲ್ಲಿ ಭಾರ್ಗವಿ ದಾವರ್ ಅವರು, ಮಾನಸಿಕ ಸಂಕಟ ಉಂಡಿದ್ದ ತಮ್ಮ ತಾಯಿಯ ಹೆಸರಿನಲ್ಲಿ ಬಾಪು ಟ್ರಸ್ಟ್ ಕಟ್ಟಿ, ಚಿಕಿತ್ಸೆ ಪಡೆದವರ ಕಡೆಯಿಂದಲೇ ಸಂಶೋಧನೆ ಮತ್ತು ಸೇವೆ ನಡೆಸಿದರು. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲೇ ಒಪ್ಪಿಗೆ ಕೊಟ್ಟಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಅಂಗವಿಕಲರ ಮೇಲೆ ಸಂಶೋಧನೆ ಮಾಡಬೇಕಾದರೆ ಅವರಿಗೆ ಅರ್ಥವಾಗುವ ರೀತಿಯಲ್ಲಿ ಒಪ್ಪಿಗೆ ಪಡೆಯುವುದಲ್ಲದೆ, ಸರ್ಕಾರ ರಚಿಸಿದ ಸಮಿತಿಯೊಂದರ ಪೂರ್ವಾನುಮತಿಯೂ ಬೇಕು. ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಗಳವರು ಆಗಿರಬೇಕು. ದೀರ್ಘಕಾಲದ ಮಾನಸಿಕ ಕಾಯಿಲೆಯೂ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಹೀಗೆ ನಿಮ್ಮ ತಮ್ಮನಂಥವರಿಗೆ ಸಮಿತಿಯಲ್ಲಿ ಜಾಗ ಕೊಡುವುದು ಯಾರೋ ಮಾಡುವ ಉಪಕಾರವೇನಲ್ಲ.

ಆದರೂ ನಮ್ಮಲ್ಲಿ ಒಂದು ತೊಡಕಿದೆ, ಅದು ಮನೆಯೊಳಗಿನದು. 2011ರ ಜನಗಣತಿಯಲ್ಲಿ ದೇಶದಾದ್ಯಂತ ಮಾನಸಿಕ ಕಾಯಿಲೆ ಎಂದು ದಾಖಲಾದವರು ಸುಮಾರು 7.2 ಲಕ್ಷ ಮಾತ್ರ. ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ಸುಮಾರು 15 ಕೋಟಿ ಜನಕ್ಕೆ ಆರೈಕೆಯ ಅಗತ್ಯವಿದೆ ಎಂದು ಅಂದಾಜು ಮಾಡಿತು. ಒಂದು ಅಂಗವಿಕಲತೆಯ ಎಣಿಕೆ, ಇನ್ನೊಂದು ಕಾಯಿಲೆಯ ಅಂದಾಜು. ಎರಡನ್ನೂ ನೇರವಾಗಿ ತೂಗಲಾಗದು ನಿಜ. ಆದರೆ ಗಣತಿಯವರು ಬಾಗಿಲಲ್ಲಿ ನಿಂತು ಕೇಳಿದಾಗ ಮನೆಯ ಯಜಮಾನರು ಏನು ಹೇಳುತ್ತಾರೆ, ಏನು ನುಂಗಿಕೊಳ್ಳುತ್ತಾರೆ ಎಂಬುದು ನಮಗೆಲ್ಲ ಗೊತ್ತು. ಮಗಳ ಮದುವೆ ಇದೆ, ಊರವರ ಬಾಯಿ ಇದೆ. ಕಾಯಿಲೆ ಇರುವವರ ಪರವಾಗಿ ಮನೆಯವರೇ ಮಾತಾಡುವುದು ನಮ್ಮ ರೂಢಿ. ಆರೈಕೆ ಮಾಡುವವರ ಅನುಭವಕ್ಕೂ ಬೆಲೆಯಿದೆ, ಅವರ ದಣಿವನ್ನು ಅವರೇ ಹೇಳಬೇಕು. ಆದರೆ ಮಾತ್ರೆ ನುಂಗಿದ ಮೇಲೆ ನಾಲಿಗೆ ದಪ್ಪವಾಗುವುದು, ಕೈ ನಡುಗುವುದು, ಅಂಗಡಿಗೆ ಬಂದವರು ಚಿಲ್ಲರೆ ಎಣಿಸುವಾಗ ನೋಡುವ ನೋಟ, ಇವು ನಿಮ್ಮ ತಮ್ಮನವರಿಗೆ ಮಾತ್ರ ಗೊತ್ತು.

ಪಿಯುಸಿ ಓದಿನ ಬಗ್ಗೆ ಸಂಕೋಚ ಬೇಡ. ಅಂಕಿಅಂಶದ ಕೆಲಸಕ್ಕೆ ಬೇರೆಯವರಿದ್ದಾರೆ. ಇಂಗ್ಲಿಷಿನಿಂದ ತಂದ ಪ್ರಶ್ನಾವಳಿ ಹಾವೇರಿ ಕಡೆಯವರಿಗೆ ಅರ್ಥವಾಗುತ್ತದೆಯೇ, ಯಾವ ಪ್ರಶ್ನೆಗೆ ಜನ ಮುಖ ತಿರುಗಿಸುತ್ತಾರೆ, ಸಂದರ್ಶನಕ್ಕೆ ಆಸ್ಪತ್ರೆಗೆ ಕರೆದರೆ ಕೂಲಿ ಬಿಟ್ಟು ಯಾರು ಬರುತ್ತಾರೆ ಎಂಬುದನ್ನು ನಿಮ್ಮ ತಮ್ಮನವರೇ ಹೇಳಬೇಕು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಕೆಲಸ ಮಾಡುವ ಪುನರ್ವಸತಿ ಕಾರ್ಯಕರ್ತರನ್ನು ನೋಡಿ, ಅವರೇ ವಿಕಲಚೇತನರು. ಯಾರ ಮನೆಯಲ್ಲಿ ಯಾರನ್ನು ಒಳಗೆ ಕೂರಿಸಿದ್ದಾರೆ ಎಂಬುದು ಅವರಿಗೆ ತಿಳಿದಷ್ಟು ಹೊರಗಿನಿಂದ ಬಂದವರಿಗೆ ತಿಳಿಯದು.

ಹೋಗುವ ಮುನ್ನ ಕೆಲವು ವಿಷಯಗಳನ್ನು ಆ ತಂಡದವರ ಹತ್ತಿರ ಕೇಳಿ ತಿಳಿದುಕೊಳ್ಳಿ. ಬಸ್ ಚಾರ್ಜ್ ಮತ್ತು ಗೌರವಧನ ಕೊಡುತ್ತಾರೆಯೇ? ಅಂಗಡಿ ಬಿಟ್ಟು ಹೋಗುವ ದಿನಕ್ಕೆ ಬೆಲೆಯಿದೆ, ಕೇಳಲು ನಾಚಿಕೊಳ್ಳಬೇಡಿ. ಸಭೆ ಮತ್ತು ಕಾಗದಪತ್ರ ಕನ್ನಡದಲ್ಲಿರುತ್ತವೆಯೇ? ಇನ್ನೊಂದು ಮುಖ್ಯ ವಿಷಯ: ತಮ್ಮನವರಿಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರೇ ತಂಡದಲ್ಲಿದ್ದರೆ, ಒಲ್ಲೆ ಎಂದರೂ ಚಿಕಿತ್ಸೆಗೆ ತೊಂದರೆಯಾಗುವುದಿಲ್ಲ ಎಂಬ ಭರವಸೆ ಬೇಕು. ಅವರ ಹೆಸರು, ಫೋಟೊ ವರದಿಯಲ್ಲಿ ಬರುತ್ತದೆಯೇ ಎಂಬುದೂ ಮೊದಲೇ ಗೊತ್ತಿರಲಿ. ಸಣ್ಣ ಊರಿನಲ್ಲಿ ಅದರ ಪರಿಣಾಮ ಬೇರೆಯೇ ಇರುತ್ತದೆ. ತಮ್ಮ ಕಥೆಯನ್ನೆಲ್ಲ ಎಲ್ಲರ ಮುಂದೆ ಹೇಳಿಕೊಳ್ಳಬೇಕಾದ ನಿರ್ಬಂಧ ಅವರಿಗಿಲ್ಲ. ಮೈ ಸರಿಯಿಲ್ಲದ ದಿನ ಸಭೆ ತಪ್ಪಿಸಿದರೆ ತಪ್ಪೇನೂ ಆಗದು.

ಕೊನೆಗೆ ಪ್ರೀತಿಯಿಂದಲೇ ಒಂದು ಮಾತು. ಪತ್ರದಲ್ಲಿ ನಿಮ್ಮ ಆತಂಕ ಇದೆ, ತಮ್ಮನವರ ಅಭಿಪ್ರಾಯ ಎಲ್ಲೂ ಇಲ್ಲ. ಮೊದಲು ಅವರನ್ನು ಕೇಳಿ. ಅವರಿಗೆ ಮನಸ್ಸಿದ್ದರೆ, ಸಂಶೋಧನೆಯ ಪ್ರಶ್ನಾವಳಿ ಸಿದ್ಧವಾಗಿದೆಯೇ ಎಂದು ತಂಡದವರನ್ನು ವಿಚಾರಿಸಲು ಹೇಳಿ. ಎಲ್ಲ ಮುಗಿದ ಮೇಲೆ ಸಹಿ ಹಾಕುವುದಕ್ಕಷ್ಟೇ ಕರೆದಿದ್ದರೆ ಬೇಡವೆನ್ನಬಹುದು. ಇನ್ನೂ ಬರೆಯುವ ಹಂತದಲ್ಲಿದ್ದರೆ ಅವರು ಖಂಡಿತ ಹೋಗಲಿ.